ಗೋಡೆಯ ಮೇಲೆ ನನ್ನ ದರ

ಹೋದ ತಿಂಗಳು ರೋಣದಲ್ಲಿ ಗಿರಾಕಿಯೊಬ್ಬರ ಮನೆಯ ಮದುವೆ ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದೆ. ದಾರಿಯ ಬದಿಯ ಬಯಲಿನಲ್ಲಿ ಯಾರೋ ಹೊಸ ಮನೆಯ ಪಾಯ ತೋಡಲು ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಿದ್ದರು. ಗಾಳಿ ಬೀಸಿ ಆ ಪುಡಿ ಒಣ ಎರೆಮಣ್ಣಿನ ಧೂಳಿನ ಜೊತೆ ಸೇರಿ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಆ ಎರಡು ವಾಸನೆಗಳು ಒಟ್ಟಿಗೆ ಬಂದಿದ್ದವು. ಸುತ್ತ ನೋಡಿದರೆ ಅದೇ ಬಯಲು. ನಾವು ಕ್ರಿಕೆಟ್ ಮ್ಯಾಚು ಆಡುತ್ತಿದ್ದ ಜಾಗವನ್ನು ಪ್ಲಾಟು ಮಾಡಿ ಮಾರಿದ್ದಾರೆ. ನಾನು ನಿಲ್ಲುತ್ತಿದ್ದ ಮೂಲೆಯಲ್ಲಿ ಯಾರದೋ ಪಾಯಖಾನೆ ಬರುವುದಿದೆಯಂತೆ. ಕೇಳಿ ಸಂತೋಷವಾಯಿತು.

ನಾನು ಗಜೇಂದ್ರಗಡದ ಟೇಲರ್ ಮೈಬೂಬ. ಪ್ಯಾಂಟು ಹೊಲಿಯುವುದು ಹೊಟ್ಟೆಗೆ, ಕ್ರಿಕೆಟ್ ಆಡುವುದು ಜೀವಕ್ಕೆ ಎಂದು ಇಪ್ಪತ್ತನೇ ವಯಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮೂವತ್ತೆಂಟರಲ್ಲೂ ಅದನ್ನೇ ಹೇಳುತ್ತಿದ್ದೆ, ಆದರೆ ಆಗ ಕೇಳಿದವರು ನಗುತ್ತಿದ್ದರು. ನಮ್ಮ ಊರ ಟೀಮಿನಲ್ಲಿ ನನ್ನ ಜಾಗ ಬೌಂಡರಿ ಗೆರೆ. ಬ್ಯಾಟಿಗೆ ಚೆಂಡು ಬಡಿದ ಸದ್ದು ಕೇಳಿದರೆ ಅದು ಎಲ್ಲಿ ಬೀಳುತ್ತದೆ ಎಂದು ಕಾಲಿಗೆ ಮೊದಲು ಗೊತ್ತಾಗುತ್ತಿತ್ತು, ತಲೆಗೆ ಆಮೇಲೆ. ಕೈಗೆ ಬಂದ ಚೆಂಡನ್ನು ಬಿಟ್ಟವನಲ್ಲ. ಇದು ಜಂಬದ ಮಾತೇ ಹೌದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು.

ನನಗೆ ಮೂವತ್ತೆಂಟಾದ ಆ ವರ್ಷ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಊರಿನಲ್ಲಿ ರೆಡಿಮೇಡ್ ಅಂಗಡಿಗಳು ಬಂದಿದ್ದವು. ಮೊಬೈಲು ಕೊಂಡವರು ಅದು ಅರ್ಧ ಹೊರಗೆ ಕಾಣಲಿ ಎಂದು ಅಂಗಿಯ ಕಿಸೆಯನ್ನು ಗಿಡ್ಡ ಹೊಲಿಸುತ್ತಿದ್ದರು. ಕಡಲೆ ಒಕ್ಕಿ, ಕುಸುಬೆ ಕಿತ್ತು ಹೊಲಗಳು ಖಾಲಿಯಾದ ಮೇಲೆ ಮುಂಗಾರು ಬೀಳುವ ತನಕ ರವಿವಾರಗಳೆಲ್ಲ ಮ್ಯಾಚಿಗೆ ಮೀಸಲು. ಗಜೇಂದ್ರಗಡ, ರೋಣ, ನರಗುಂದ, ಅಸೂಟಿ, ಯಾವಗಲ್, ಹೀಗೆ ಐದು ಟೀಮು. ಟೆನ್ನಿಸ್ ಚೆಂಡು, ಟ್ರ್ಯಾಕ್ಟರಿನ ಪ್ರಯಾಣ, ತಲೆ ಸೀಳುವ ಬಿಸಿಲು. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಅದರ ಬಿರುಕಿನಲ್ಲಿ ಚೆಂಡು ಹೋದರೆ ಕೋಲು ಹಾಕಿ ತೆಗೆಯಬೇಕು. ಕಾಲು ಹೋದರೆ ದವಾಖಾನೆಗೆ ಹೋಗಬೇಕು.

ಬೌಂಡರಿಗೆ ಹಗ್ಗವಿರಲಿಲ್ಲ, ಸುಣ್ಣದ ಗೆರೆ. ನೋಡಲು ಬಂದವರು ಗೆರೆಗೆ ಹೊಂದಿಯೇ ಕೂರುತ್ತಿದ್ದರು. ಅಂಪೈರ್‌ ದೂರದಲ್ಲಿ ನಿಂತಿರುತ್ತಿದ್ದುದರಿಂದ ಚೆಂಡು ಗೆರೆ ದಾಟಿತೋ, ಹಿಡಿದವನ ಕಾಲು ಗೆರೆಗೆ ತಾಗಿತೋ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿ ಕೂತವರನ್ನೇ ಕೇಳುತ್ತಿದ್ದ. ಕೂತವರು ತಂತಮ್ಮ ಊರಿನ ಪರ ಹೇಳಿ ಹೊಡೆದಾಟವಾಗುತ್ತಿತ್ತು. ಅದಕ್ಕೆ ಹಿಂದಿನವರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ತನ್ನ ಊರಿಗೆ ಲುಕ್ಸಾನಾಗುವ ಮಾತನ್ನು ಯಾವನು ಹೇಳುತ್ತಾನೋ ಅವನ ಮಾತೇ ಖರೆ, ಅದರ ಮೇಲೆ ಯಾರೂ ಮಾತಾಡುವಂತಿಲ್ಲ. ತನ್ನ ಮನೆಗೆ ತಾನೇ ಬೆಂಕಿ ಇಡುವಂಥ ಸುಳ್ಳು ಯಾರು ಹೇಳುತ್ತಾರೆ? ಒಮ್ಮೆ ಅಸೂಟಿಯ ಮುದುಕನೊಬ್ಬ ಸ್ವಂತ ಮಗ ಹಿಡಿದ ಕ್ಯಾಚನ್ನು “ನೆಲಕ್ಕ ತಾಗೇತಿ” ಎಂದು ಹೇಳಿಬಿಟ್ಟ. ಮಗ ಮಾತು ಬಿಟ್ಟ, ಎರಡೂ ಊರಿನವರು ಮುದುಕನಿಗೆ ಕೈ ಮುಗಿದರು. ಅಂಥ ಪದ್ಧತಿ ಅದು. ನಾನೂ ಅದನ್ನು ಬಹಳ ನಂಬಿದ್ದೆ.

ಇದೆಲ್ಲದರ ನಡುವೆ ಈರಣ್ಣನವರು ಹುಬ್ಬಳ್ಳಿಯಿಂದ ಹೊಸ ರೋಗ ತಂದರು. ಈರಣ್ಣ ಬಟ್ಟೆ ವ್ಯಾಪಾರಿ. ಅವರ ಅಂಗಡಿ ನನ್ನ ಅಂಗಡಿಯ ಎದುರಿಗೇ ಇತ್ತು. ಅವರು ಅಳೆದು ಕೊಟ್ಟ ಎರಡು ಮೀಟರ್ ಬಟ್ಟೆ ನನ್ನ ಮೇಜಿನ ಮೇಲೆ ಬರುವಷ್ಟರಲ್ಲಿ ಒಂದು ಗೇಣು ಕುಗ್ಗಿರುತ್ತಿತ್ತು. ಜೀವಮಾನದಲ್ಲಿ ಒಂದು ಚೆಂಡೂ ಎಸೆದವರಲ್ಲ. ಮಾಲು ತರಲು ಹೋದಾಗ ಯಾವುದೋ ಇಂಟರ್ನೆಟ್ ಅಂಗಡಿಯಲ್ಲಿ ಹುಡುಗರು ಆಡುವುದನ್ನು ನೋಡಿ ಬಂದರಂತೆ. ಮೈದಾನಕ್ಕೆ ಇಳಿಯದೆ ಆಡುವ ಆಟ. ಕೈಯಲ್ಲಿ ನೂರು ಆಣೆ ಇದೆ ಎಂದುಕೊಳ್ಳಬೇಕು. ಐದೂ ಊರಿನ ಆಟಗಾರರಿಗೆ ಒಂದೊಂದು ದರ. ನೂರು ಆಣೆಯೊಳಗೆ ಯಾವ ಊರಿನವರಾದರೂ ಸರಿ, ಹನ್ನೊಂದು ಜನರನ್ನು ಕೊಂಡು ನಮ್ಮದೇ ಟೀಮು ಕಟ್ಟಬೇಕು. ಒಬ್ಬನನ್ನೇ ಹತ್ತು ಜನ ಕೊಂಡರೂ ಅಡ್ಡಿಯಿಲ್ಲ. ಮೈದಾನದಲ್ಲಿ ಅವರು ಹೊಡೆದ ರನ್ನಿಗೆ, ತೆಗೆದ ವಿಕೆಟ್ಟಿಗೆ, ಹಿಡಿದ ಕ್ಯಾಚಿಗೆ ಇಲ್ಲಿ ಕೂತವರಿಗೆ ಪಾಯಿಂಟು. ಐವತ್ತು ರನ್ ಮಾಡಿದರೆ ಮೇಲೆ ಇನಾಮು. ಸೋತವನು ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ತಿನ್ನಿಸಬೇಕು. ಗೆದ್ದವನಿಗೆ ಒಂದು ವರ್ಷ ಕುರ್ಚಿಯ ಮೇಲೆ ಕೂರುವ ಮರ್ಯಾದೆ. ಕುರ್ಚಿ ಯಾರದು ಎಂದರೆ ನನ್ನದು. ಅಂಗಡಿಯಲ್ಲಿದ್ದ ಒಂದೇ ಕುರ್ಚಿ. ಟೀಮುಗಳನ್ನು ಬರೆದ ಗೋಡೆಯೂ ನನ್ನದು, ಬರೆದ ನೀಲಿ ಸೀಮೆಸುಣ್ಣ ನಾನು ಬಟ್ಟೆಗೆ ಗುರುತು ಹಾಕುವುದು. ಅವರು ತಂದದ್ದು ಬಾಯಿ ಮಾತ್ರ.

ದರ ಹಚ್ಚಲು ಕೂತ ಸಂಜೆ ಅಂಗಡಿ ತುಂಬಿತ್ತು. ಈರಣ್ಣ, ನಮ್ಮ ಟೀಮಿನ ಕ್ಯಾಪ್ಟನ್ ಗುರುಸಿದ್ದ, ರಿಟೈರಾದ ಬಸ್ ಕಂಡಕ್ಟರ್ ಶಂಕ್ರಪ್ಪ, ನನ್ನ ಹೆಂಡತಿಯ ತಮ್ಮ ರಫೀಕ, ಇನ್ನೂ ಮೂರು ನಾಲ್ಕು ಜನ. ನರಗುಂದದ ಬಾಬು ಎಂಬ ಬ್ಯಾಟ್ಸ್‌ಮನ್ನಿಗೆ ಇಪ್ಪತ್ತೈದು ಆಣೆ ಎಂದು ಒಂದೇ ಉಸಿರಿಗೆ ತೀರ್ಮಾನವಾಯಿತು. ಆಮೇಲೆ ಒಬ್ಬೊಬ್ಬರಾಗಿ ಇಳಿದು ಇಳಿದು ನನ್ನ ಹತ್ತಿರ ಬಂದರು. ನಾನು ಅಲ್ಲೇ ಮಶೀನು ತುಳಿಯುತ್ತಿದ್ದೆ. ಈರಣ್ಣನವರದೇ ಸಫಾರಿ.

“ಈಗ ಮೈಬೂಸಾಬನ ದರ ಹಚ್ಚೂಣು,” ಎಂದರು ಈರಣ್ಣ. “ಬಾಯಿಗೆ ಬಂದದ್ದ ಹೇಳಬ್ಯಾಡ್ರಿ. ಮೊದಲಿನಿಂದ ಲೆಕ್ಕಾ ಹಾಕಿ ಹಚ್ಚೂಣು.”

ಶಂಕ್ರಪ್ಪನಿಗೆ ಹಳೆಯದೆಲ್ಲ ನೆನಪು. ಕೆರೂರಿನಿಂದ ಸ್ಟಾಪು ಸ್ಟಾಪು ಕೂಗಿದ ಹಾಗೆ ಶುರು ಮಾಡಿದ. “ಶುರುವಿನಾಗ ಬೆಂಕಿ ಇದ್ದ ಬಿಡ್ರಿ. ಮೂರನೇ ನಂಬರಿಗೆ ಬರತಿದ್ದ. ನರಗುಂದದಾಗ ಒಮ್ಮೆ ಚೆಂಡು ಗುಡ್ಡದ ಬುಡಕ್ಕ ಒಗದಿದ್ದ. ಆಗ ಇಪ್ಪತ್ತು ಆಣೆ ಕೊಟ್ರೂ ಅಗ್ಗ.”

ಈರಣ್ಣ ಗೋಡೆಯ ಮೇಲೆ ಇಪ್ಪತ್ತು ಎಂದು ಬರೆದರು.

“ಆಮ್ಯಾಲ ಅಸೂಟಿ ಹೊಲದ ಬಿರುಕಿನಾಗ ಕಾಲು ಸಿಕ್ಕೊಂಡು ಮೊಣಕಾಲು ತಿರುಗಿತಲ್ಲ, ಅಲ್ಲಿಂದ ಬ್ಯಾಟಿಂಗ್ ಎಂಟನೇ ನಂಬರಿಗೆ ಇಳೀತು.”

“ಹಂಗಾರ ಹನ್ನೆರಡು.” ಇಪ್ಪತ್ತನ್ನು ಅಂಗೈಯಿಂದ ಒರೆಸಿ ಹನ್ನೆರಡು ಬರೆದರು.

“ನಾ ಟೀಮಿಗೆ ಬಂದಾಗ ಮೈಬೂ ಕಾಕಾ ಗೆರಿ ಮ್ಯಾಲನ ನಿಂತಿದ್ರು,” ಎಂದ ಗುರುಸಿದ್ದ. ಹೋದ ವರ್ಷದ ತನಕ ಅವನಿಗೆ ನಾನು ಮೈಬೂ ಅಣ್ಣ ಆಗಿದ್ದೆ. ಈ ವರ್ಷ ಕಾಕಾ ಆಗಿದ್ದೆ. “ಈಗ ಓಡೂದು ಕಮ್ಮಿ ಆಗೇತಿ. ಕೈ ಮಾತ್ರ ಚಲೋ ಅದಾವ, ಸುಳ್ಳು ಹೇಳಬಾರದು.”

“ಕೈ ತಗೊಂಡು ಏನು ಮಾಡೂದೈತಿ? ವರ್ಷಕ್ಕ ನಾಕು ಕ್ಯಾಚು. ಎಂಟನೇ ನಂಬರಿನ್ಯಾಗ ಬಂದು ನಾಕು ರನ್ನು.” ಈರಣ್ಣ ಮತ್ತೆ ಒರೆಸಿದರು.

ನನಗೆ ತಡೆಯಲಾಗಲಿಲ್ಲ. “ಈರಣ್ಣಾರ, ಹೋದ ವರ್ಷ ಯಾವಗಲ್ ಮ್ಯಾಚಿನ್ಯಾಗ ಎಷ್ಟು ಫೋರ್ ತಡದೀನಿ, ಯಾರರ ಎಣಿಸೀರೇನು?” ಎಂದೆ.

ಈರಣ್ಣ ನನ್ನ ಕಡೆ ತಿರುಗಿ ಬಹಳ ಸಮಾಧಾನದಿಂದ ಹೇಳಿದರು. “ಮೈಬೂಸಾಬ, ಕಣಕ್ಕ ಬಂದ ಕಾಳು ಅಳೀಬಹುದು. ಹಕ್ಕಿ ತಿನ್ನದಂಗ ಉಳಿಸಿದ ಕಾಳು ಎಷ್ಟು ಅಂತ ಯಾವ ಸೇರಿನಾಗ ಅಳೀಲಿ?”

“ಮತ್ತ ರನೌಟು? ಗೆರಿಯಿಂದ ನಾ ಒಗದದ್ದು?”

“ಬೇಲ್ಸ್ ಹಾರಿಸಿದಾವ ಕೀಪರು. ಪಾಯಿಂಟು ಅವಂಗ.”

ಎದ್ದು ಇಸ್ತ್ರಿ ಪೆಟ್ಟಿಗೆ ತರಲು ಹೋದೆ. ಅದೇ ಹೊತ್ತಿಗೆ ನನ್ನ ಎಡ ಮೊಣಕಾಲು ಎಲ್ಲರಿಗೂ ಕೇಳುವಂತೆ ಲಟಕ್ ಎಂದಿತು. ಶಂಕ್ರಪ್ಪ, “ಸಂತ್ಯಾಗ ಎತ್ತಿನ ಹಲ್ಲು ನೋಡತಾರ. ಇಲ್ಲಿ ನೋಡೂದ ಬ್ಯಾಡ, ಕೇಳಿದ್ರ ಸಾಕು,” ಎಂದ. ಅಂಗಡಿಯೆಲ್ಲ ನಗೆ. ರಫೀಕ ನಗುತ್ತ ನಗುತ್ತ ನಾನು ಹೊಲಿಗೆಗೆ ಇಟ್ಟಿದ್ದ ಬಟ್ಟೆಯ ಮೇಲೆ ಒರಗಿದ.

“ಬಾಯಿ ತಗದು ಹಲ್ಲೂ ತೋರಸ್ಲೇನ್ರಿ?” ಎಂದೆ ನಾನು. ಅದಕ್ಕೂ ನಕ್ಕರು. ಈರಣ್ಣ ಗೋಡೆಯ ಮೇಲೆ ಅರ್ಧ ಆಣೆ ಎಂದು ಬರೆದರು. ನನಗಿಂತ ಮೇಲಿನವನ ದರ ಎರಡು ಆಣೆ. ಸೊನ್ನೆ ಬರೆದರೆ ನನಗೆ ಬೇಜಾರಾದೀತೆಂದು ಅರ್ಧ ಇಟ್ಟರಂತೆ. ಅಷ್ಟು ಅಂತಃಕರಣ ಅವರಿಗೆ.

ಅರ್ಧ ಆಣೆಗೂ ನನ್ನನ್ನು ಯಾರೂ ಕೊಳ್ಳಲಿಲ್ಲ. ರಫೀಕನ ಟೀಮಿಗೆ ಒಬ್ಬ ಕಡಿಮೆ ಬಿದ್ದಿದ್ದ, ಕೈಯಲ್ಲಿ ಎರಡು ಆಣೆ ಉಳಿದಿತ್ತು. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಅಸೂಟಿಯ ಯಾವನೋ ಹೊಸಬನ ಹೆಸರು ಬರೆಸಿದ. “ದುಲಾಭಾಯಿ, ಆಟ ಬ್ಯಾರೆ, ಸಂಬಂಧ ಬ್ಯಾರೆ,” ಎಂದ. ಅಕ್ಕನ ಗಂಡನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅವನ ಪ್ಯಾಂಟನ್ನೂ ನಾನು ಪುಕ್ಕಟೆ ಹೊಲಿಯುತ್ತಿದ್ದೆ, ಅದು ಸಂಬಂಧದ ಲೆಕ್ಕಕ್ಕೆ ಬರುತ್ತಿತ್ತು.

ನಗೆಚಾಟಿಕೆ ಅಂಗಡಿಯ ಗೋಡೆಯ ಮೇಲೇ ಉಳಿದಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ. ಅದು ಮೈದಾನಕ್ಕೆ ಇಳಿಯಿತು. ಗೋಡೆಯ ಮೇಲೆ ಹೆಸರಿದ್ದವರನ್ನು ಆಡಿಸಲೇಬೇಕೆಂದು ಊರಿನ ದೊಡ್ಡವರೆಲ್ಲ ಗುರುಸಿದ್ದನ ಬೆನ್ನು ಹತ್ತಿದರು. ಹೆಸರು ಇಲ್ಲದವನನ್ನು ಆಡಿಸಿದರೆ ಯಾರಿಗೆ ಲಾಭ? ಮೊದಲನೇ ರವಿವಾರ ನನ್ನನ್ನು ಹೊರಗೆ ಕೂರಿಸಿದ. ಎರಡನೇ ರವಿವಾರವೂ. ಟ್ರ್ಯಾಕ್ಟರಿನಲ್ಲಿ ಹೋಗುವುದು, ಬಿಂದಿಗೆಯಿಂದ ಹುಡುಗರಿಗೆ ನೀರು ಕೊಡುವುದು, ಬರುವುದು. ನಮ್ಮ ಬೌಲರು ಎದುರಾಳಿ ಬ್ಯಾಟ್ಸ್‌ಮನ್ನಿಗೆ ಕಾಲಿನ ಬುಡಕ್ಕೆ ಮೆತ್ತಗೆ ಚೆಂಡು ಹಾಕುವುದನ್ನು ಅಲ್ಲಿಂದ ನೋಡಿದೆ. ಆ ಬ್ಯಾಟ್ಸ್‌ಮನ್ನು ನಮ್ಮ ಬೌಲರನ ಮಾವನ ಗೋಡೆ ಟೀಮಿನಲ್ಲಿದ್ದ.

ಮೂರನೇ ವಾರ ಗುರುಸಿದ್ದನ ಟಯರ್ ಅಂಗಡಿಗೆ ಹೋಗಿ ಕೇಳಿಯೇಬಿಟ್ಟೆ. “ಇದೊಂದು ವರ್ಷ ಆಡಸಪಾ. ಕಡೀ ಮ್ಯಾಚು ಆದ ಮ್ಯಾಲ ನಾನ ಬಿಡತೀನಿ ಅಂತ ಎಲ್ಲಾರ ಮುಂದ ಹೇಳಿ ಬಿಡತೀನಿ.”

ನನಗೆ ಬೇಕಾದದ್ದು ಅಷ್ಟೇ. ಯಾರೋ ತೆಗೆದುಹಾಕಿದರು ಎನಿಸಿಕೊಳ್ಳಬಾರದು, ತಾನಾಗಿ ಬಿಟ್ಟ ಎನಿಸಿಕೊಳ್ಳಬೇಕು. ಆಡಿ, ಗೆರೆಯ ಮೇಲೆ ಒಂದು ಚೆಂಡಾದರೂ ಹಿಡಿದು, ಆಮೇಲೆ. ಇಷ್ಟು ವರ್ಷ ಆಡಿದ್ದಕ್ಕೆ ಅದು ದೊಡ್ಡ ಆಸೆ ಎಂದು ಈಗಲೂ ನನಗೆ ಅನಿಸುವುದಿಲ್ಲ.

ಗುರುಸಿದ್ದ ಟ್ಯೂಬಿನ ಗುಳ್ಳೆ ನೋಡುತ್ತ, “ನೋಡೂಣು ಕಾಕಾ, ಯಾರರ ತಪ್ಪಿದ್ರ ನಿಮ್ಮನ್ನ ಹಾಕತೀನಿ,” ಎಂದ.

ಮನೆಯಲ್ಲಿ ನಾವು ಆಡುವುದು ನಮ್ಮ ಉರ್ದು. ಬೈಯುವಾಗ ಮಾತ್ರ ನನ್ನ ಹೆಂಡತಿ ಹಸೀನಾ ಕನ್ನಡಕ್ಕೆ ಬರುತ್ತಾಳೆ. ಅದರಲ್ಲಿ ಅವಳಿಗೆ ಮಾತು ಹೆಚ್ಚು. “ಸಾಲಿ ಯೂನಿಫಾರ್ಮ್ ರಾಶಿ ಬಿದ್ದಾವ, ಇವರು ನೀರಿನ ಕೊಡ ಹೊತ್ತು ಊರೂರು ತಿರಗತಾರ. ಬ್ಯಾಡ ಅಂದವರ ಮನೀ ಬಾಗಲಾ ಎಷ್ಟು ಸಲ ಬಡೀತೀರಿ?” ಎಂದಳು.

ಅಂತೂ ಇಂತೂ ನಮ್ಮ ಟೀಮು ಫೈನಲ್ಲಿಗೆ ಬಂತು. ರೋಣದ ಬಯಲಿನಲ್ಲಿ, ನರಗುಂದದ ಮೇಲೆ. ಹಿಂದಿನ ದಿನ ಗುರುಸಿದ್ದ ಅಂಗಡಿಗೆ ಬಂದು, “ನಾಳೆ ನೀವು ಆಡಬೇಕು ಕಾಕಾ,” ಎಂದ. ನಮ್ಮ ಒಬ್ಬ ಬ್ಯಾಟ್ಸ್‌ಮನ್ನು ಬರುವಂತಿರಲಿಲ್ಲ, ಅವತ್ತು ಅವನದೇ ಮದುವೆ ಇತ್ತು. ಮುಹೂರ್ತ ಮುಗಿಸಿ ಬರುತ್ತೇನೆಂದು ಅವನು ಹೇಳಿದನಂತೆ, ಹೆಣ್ಣಿನ ಕಡೆಯವರು ಬಿಡಲಿಲ್ಲ. ಮದುವೆಗೆ ಅವನ ಸೂಟು ಹೊಲಿದವನು ನಾನೇ. ಆ ಸೂಟನ್ನು ನಾನು ಅಷ್ಟು ಪ್ರೀತಿಯಿಂದ ಇಸ್ತ್ರಿ ಮಾಡಿದ್ದು ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಆ ರವಿವಾರ ಬೆಳಿಗ್ಗೆಯಿಂದಲೇ ಬೆವರಿಳಿಸುವ ಉಬ್ಬೆ. ಮುಂಗಾರಿಗೆ ಮೊದಲಿನ ಅಡ್ಡಮಳೆಯ ಮೋಡ ಪಡುವಣಕ್ಕೆ ಕಟ್ಟಿಕೊಂಡು ಕರಗುತ್ತಿತ್ತು. ಬೇವಿನ ಗಿಡದ ನೆರಳಿನಲ್ಲಿ ನರಗುಂದದವರು ಕೂತರು. ನಮ್ಮೂರಿನವರಿಗೆ ಎದುರು ಬದಿಯ ಬಿಸಿಲೇ ಗತಿ. ನನ್ನ ಜಾಗ ಅವರ ಮುಂದೆಯೇ. ಬೆನ್ನ ಹಿಂದೆ ಈರಣ್ಣ, ಶಂಕ್ರಪ್ಪ, ರಫೀಕ, ಅಂಗಡಿಯ ಬಳಗವೆಲ್ಲ ತಲೆಗೆ ಟಾವೆಲ್ ಹಾಕಿಕೊಂಡು ಗೆರೆಗೆ ಹೊಂದಿ ಕೂತಿತ್ತು. ನಾವು ಮೊದಲು ಆಡಿ ಚೆನ್ನಾಗಿಯೇ ರನ್ನು ಕಟ್ಟಿದ್ದೆವು. ನಾನು ಬ್ಯಾಟಿಂಗಿಗೆ ಹೋಗುವ ಪ್ರಸಂಗ ಬರಲಿಲ್ಲ.

ನರಗುಂದದವರು ಬ್ಯಾಟು ಹಿಡಿದರು. ಒಂದು ತುದಿಯಲ್ಲಿ ವಿಕೆಟ್ಟು ಬೀಳುತ್ತಿತ್ತು, ಇನ್ನೊಂದು ತುದಿಯಲ್ಲಿ ಬಾಬು ನಿಂತಿದ್ದ. ಅವನು ಔಟಾದರೆ ಕಪ್ಪು ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ನಾನು ಮೂರು ಫೋರ್ ತಡೆದೆ. ಮೂರನೆಯದಕ್ಕೆ ಮೊಣಕಾಲು ಊರಿ ಬಿದ್ದು ತಡೆದಾಗ ಚರ್ಮ ಕಿತ್ತು ಬಂತು. ಹಿಂದೆ ಒಬ್ಬರೂ ಶಭಾಷ್ ಅನ್ನಲಿಲ್ಲ. ಬದಲಿಗೆ ಬಾಯಿ ಚಪ್ಪರಿಸಿದ ಸದ್ದು ಕೇಳಿತು. ಆಗ ಹೊಳೆಯಿತು. ಆ ಬಳಗದಲ್ಲಿ ಬಾಬುವನ್ನು ಕೊಳ್ಳದವನು ಒಬ್ಬನೂ ಇರಲಿಲ್ಲ. ಅವನಿಗೆ ಬರಬೇಕಾದ ನಾಲ್ಕು ರನ್ನನ್ನು ನಾನು ತಡೆದಾಗಲೆಲ್ಲ ಇವರ ಕಿಸೆಗೆ ಕೈ ಹಾಕಿದಂತಾಗುತ್ತಿತ್ತು.

ಬಾಬು ನಲವತ್ತು ದಾಟಿದ. ಇನ್ನೊಂದು ಹೊಡೆತ ಕೂತರೆ ಐವತ್ತು, ಐವತ್ತಕ್ಕೆ ಇನಾಮು. ಮುಂದಿನ ಚೆಂಡನ್ನು ಎತ್ತಿ ಬಾರಿಸಿದ. ಬಡಿದ ಸದ್ದಿಗೇ ನನ್ನ ಕಾಲು ಹೊರಟಿತು. ಚೆಂಡು ಮೋಡದ ಕೆಳಗೆ ಕರ್ರಗೆ ಕಂಡಿತು, ಸೀದಾ ನನ್ನ ತಲೆಯ ಮೇಲೆ ಬರುತ್ತಿತ್ತು. ಹಿಂದಿನಿಂದ ರಫೀಕನ ದನಿ ಕೇಳಿತು. “ಬಿಡ್ರಿ ದುಲಾಭಾಯಿ, ಬಿಡ್ರಿ.” ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಅಂದುಕೊಂಡೆ. ಎರಡು ಹೆಜ್ಜೆ ಹಿಂದೆ ಸರಿದು, ಗೆರೆಯಿಂದ ಒಂದು ಮೊಳ ಒಳಗೆ ನಿಂತು, ಎರಡೂ ಕೈಯಲ್ಲಿ ಹಿಡಿದೆ. ಚೆಂಡು ಅಂಗೈಯಲ್ಲಿ ಕೂತಿತು. ಕಾಲು ಅಲುಗಲಿಲ್ಲ. ಆ ಮೊಣಕಾಲು ಕೂಡ ಅವತ್ತು ನನ್ನ ಮಾತು ಕೇಳಿತು. ಅಷ್ಟು ಚೆನ್ನಾದ ಕ್ಯಾಚನ್ನು ನಾನು ಇಪ್ಪತ್ತು ಆಣೆಯ ಕಾಲದಲ್ಲೂ ಹಿಡಿದಿರಲಿಲ್ಲ.

ಚೆಂಡು ಎತ್ತಿ ತೋರಿಸಿದೆ. ಮೈದಾನದಲ್ಲಿದ್ದ ನಮ್ಮ ಹುಡುಗರು ಕೂಗಿದರು. ಬಾಬು ಬ್ಯಾಟು ಕಂಕುಳಲ್ಲಿಟ್ಟು ಹೊರಟೂ ಬಿಟ್ಟಿದ್ದ. ರೋಣದ ಅಂಪೈರ್‌ ಪದ್ಧತಿಯ ಪ್ರಕಾರ ಗೆರೆಯ ತನಕ ನಡೆದು ಬಂದ. ಸಾಲಿ ಮಾಸ್ತರ, ಸಂಭಾವಿತ ಮನುಷ್ಯ.

“ಕಾಲು ಗೆರಿಗೆ ತಾಗಿತೇನ್ರಿ?” ಎಂದು ಕೂತವರನ್ನು ಕೇಳಿದ.

ಈರಣ್ಣ ತಲೆಯ ಟಾವೆಲ್ ತೆಗೆದು ಕೊಡವಿ, “ತಾಗೇತ್ರಿ,” ಎಂದರು.

ಅಂಪೈರ್‌ ಬೆರಗಾದ. “ನೀವು ಯಾವೂರವ್ರು?”

“ಗಜೇಂದ್ರಗಡ.”

“ಮತ್ತ ನೀವು?” ಎಂದು ರಫೀಕನನ್ನು ಕೇಳಿದ.

ರಫೀಕ ಎದ್ದು ನಿಂತ. “ನಾನೂ ಗಜೇಂದ್ರಗಡದಾವನ ರಿ. ಇವರು ನಮ್ಮ ಅಕ್ಕನ ಗಂಡ. ಆದ್ರ ಖರೇ ಹೇಳಬೇಕಲ್ರಿ. ಹಿಮ್ಮಡ ತಾಗೇತಿ.”

ನಾನು ಕೂತು ಎರಡೂ ಬೂಟು ಬಿಚ್ಚಿ ಅಂಗಾಲಿನ ಕಡೆ ತಿರುಗಿಸಿ ಅಂಪೈರನಿಗೆ ಹಿಡಿದೆ. ಕರಿಮಣ್ಣಿತ್ತು, ಬಿಳಿ ಚುಕ್ಕಿಯೂ ಇರಲಿಲ್ಲ. “ಸುಣ್ಣ ಎಲ್ಲೈತಿ ತೋರಸ್ರಿ,” ಎಂದೆ. ಅಂಪೈರ್‌ ಬೂಟಿನ ಕಡೆ ನೋಡಲೂ ಇಲ್ಲ. “ನಿಮ್ಮೂರವ್ರು, ನಿಮ್ಮ ಸ್ವಂತ ಮಂದಿ ಹೇಳಾಕತ್ತಾರ. ತನ್ನೂರ ಸೋಲಲಿ ಅಂತ ಯಾರರ ಸುಳ್ಳು ಹೇಳತಾರೇನ್ರಿ? ವಯಸ್ಸಿನಾಗ ದೊಡ್ಡವ್ರು ನೀವು, ಹಿಂಗ ಹಟಾ ಮಾಡಬಾರದು,” ಎಂದ. ರಫೀಕನ ಕಡೆ ತಿರುಗಿ ಎದೆ ಮುಟ್ಟಿಕೊಂಡು ಗೌರವ ತೋರಿಸಿದ. ಆಮೇಲೆ ಎರಡೂ ಕೈ ಮೇಲೆತ್ತಿ ಸಿಕ್ಸ್ ಕೊಟ್ಟ.

ಬೇವಿನ ಗಿಡದ ಕೆಳಗಿನಿಂದ ಚಪ್ಪಾಳೆ ಬಂತು. ಬ್ಯಾಟಿಗಲ್ಲ, ರಫೀಕನಿಗೆ.

ಗುರುಸಿದ್ದನ ಹತ್ತಿರ ಓಡಿದೆ. ಅವನು ದೂರದಲ್ಲಿ ನಿಂತಿದ್ದನಾದರೂ ಕಣ್ಣಿಲ್ಲದವನಲ್ಲ. “ನೀ ಕ್ಯಾಪ್ಟನ್ ಅದೀ, ನೀ ಹೇಳು,” ಎಂದೆ. ಅವನು ನೆಲ ನೋಡುತ್ತ, “ಊರವ್ರ ಹೇಳಿದ ಮ್ಯಾಲ ಮುಗೀತು ಕಾಕಾ. ಕುಣೀಲಾರದಾಕಿ ನೆಲಾ ಡೊಂಕು ಅಂದಂಗ ಮಾಡಬ್ಯಾಡ್ರಿ. ನಡೀರಿ, ನಿಮ್ಮ ಜಾಗಕ್ಕ ನಡೀರಿ,” ಎಂದ. ಅವನ ಗೋಡೆ ಟೀಮಿನಲ್ಲೂ ಮೊದಲನೇ ಹೆಸರು ಬಾಬುವಿನದೇ ಆಗಿತ್ತು. ನಾನು ನನ್ನ ಜಾಗಕ್ಕೆ ನಡೆದೆ. ಆ ಜನರಿಗೆ ಬೆನ್ನು ಮಾಡಿ ನಿಂತುಕೊಂಡು ಉಳಿದ ಮ್ಯಾಚು ಆಡಿದೆ. ಬಾಬು ಐವತ್ತು ದಾಟಿ, ಎಪ್ಪತ್ತು ದಾಟಿ, ಕೊನೆಯ ತನಕ ಔಟಾಗದೆ ಉಳಿದ. ನಾವು ಸೋತೆವು.

ಬಹುಮಾನ ಹಂಚುವಾಗ ಬಂದ ಅತಿಥಿಗಳು ಕಪ್ಪಿಗಿಂತ ಪ್ರಾಮಾಣಿಕತೆ ದೊಡ್ಡದೆಂದು ಭಾಷಣ ಮಾಡಿದರು. ಈರಣ್ಣನವರನ್ನೂ ರಫೀಕನನ್ನೂ ಕರೆದು ಟಾವೆಲ್ ಹೊದಿಸಿ ತೆಂಗಿನಕಾಯಿ ಕೊಟ್ಟರು. ಸ್ವಂತ ಭಾವನೆಂದೂ ನೋಡದೆ ಸತ್ಯ ನುಡಿದ ಯುವಕ ಎಂದರು. ಜನ ನನ್ನ ಕಡೆ ತಿರುಗಿ ನೋಡಿದರು, ಭಾವ ಹೇಗಿದ್ದಾನೆಂದು ತಿಳಿಯಲು. ಹೇಳುತ್ತೇನೆಂದುಕೊಂಡಿದ್ದ ಮಾತನ್ನು ನಾನು ಹೇಳಲಿಲ್ಲ. ಬಿಡುತ್ತೇನೆ ಎಂದು ಆಗ ಹೇಳಿದ್ದರೆ ನಾಚಿಕೆಗೆ ಬಿಟ್ಟ ಎನ್ನುತ್ತಿದ್ದರು.

ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ ಸೋತ ಊರಿನ ದುಃಖವೇ ಇರಲಿಲ್ಲ. ಎಲ್ಲರೂ ಬೆರಳು ಮಡಚಿ ಪಾಯಿಂಟು ಎಣಿಸುತ್ತಿದ್ದರು. ಮಧ್ಯದಲ್ಲಿ ಶಂಕ್ರಪ್ಪ ಯಾರಿಗೋ ಹೇಳುತ್ತಿದ್ದ. “ಮುದುಕರನ್ನ ಗೆರಿ ಮ್ಯಾಲ ನಿಲ್ಲಿಸಿದ್ರ ಹಿಂಗ ಆಗತೈತಿ. ಕಪ್ಪು ಕೈಗೆ ಬಂದಿತ್ತು, ಕಾಲಿನಿಂದ ಹೋತು.” ಸುಳ್ಳು ಹೇಳಿದ್ದು ತಾವೇ ಎಂಬುದು ಗದಗಿನ ರಸ್ತೆ ಬರುವಷ್ಟರಲ್ಲಿ ಅವರಿಗೆ ಮರೆತೇ ಹೋದಂತಿತ್ತು. ಬೇಕೆಂದು ಮರೆತಂತಿರಲಿಲ್ಲ, ಖರೆಯಾಗಿಯೇ ನಂಬಿಬಿಟ್ಟಂತೆ ಕಾಣುತ್ತಿತ್ತು. ಅದು ನನಗೆ ಹೆಚ್ಚು ಉರಿಯಿತು.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಹಸೀನಾ ತಮ್ಮನ ತೆಂಗಿನಕಾಯಿಯನ್ನು ಒಡೆದು ತುರಿಯುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಗೋಡೆಯ ಆಟ, ಐವತ್ತರ ಇನಾಮು, ಬೂಟಿನ ಅಂಗಾಲು. ಅವಳು ತುರಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಈ ಸಲ ಬೈಯುವ ಕನ್ನಡದಲ್ಲಲ್ಲ, ಮನೆಯ ಮಾತಿನಲ್ಲೇ ಮೆತ್ತಗೆ ಕೇಳಿದಳು: ನನ್ನ ತಮ್ಮ ನಿಮ್ಮ ವಿರುದ್ಧ ಸುಳ್ಳು ಯಾಕೆ ಹೇಳುತ್ತಾನೆ? ಬೇರೆಯವರಾದರೆ ಹೌದು, ಅವನು ನಮ್ಮವನಲ್ಲವೇ? ಮೊಣಕಾಲು ನೋವಿನಲ್ಲಿ ಹಿಮ್ಮಡ ತಾಗಿದ್ದು ನಿಮಗೇ ಗೊತ್ತಾಗಿರಲಿಕ್ಕಿಲ್ಲ ಎಂದಳು. ಗಾಯಕ್ಕೆ ಅರಿಶಿನ ಹಚ್ಚಿದಳು. ನಾನು ಹಚ್ಚಿಸಿಕೊಂಡೆ.

ಮರುದಿನ ಎಲ್ಲರೂ ಅಂಗಡಿಗೆ ಬಂದು ಕೂಡಿಸಿ ಕಳೆದು ನೋಡಿದರು. ಎಲ್ಲರಿಗೂ ಬಾಬುವಿನಿಂದ ಸರಿಸಮ ಲಾಭ ಬಂದಿದ್ದರಿಂದ ಅವನಿಂದ ಯಾರಿಗೂ ಏನೂ ಹೆಚ್ಚಾಗಿರಲಿಲ್ಲ. ಅವನು ಔಟಾಗಿದ್ದರೂ ಗೆಲ್ಲುವವರು ಅವರೇ, ಸೋಲುವವರು ಅವರೇ. ಇದನ್ನು ಕಂಡುಹಿಡಿದು ಗುರುಸಿದ್ದ ಜೋರಾಗಿ ನಕ್ಕ, ಉಳಿದವರೂ ನಕ್ಕರು. ಈರಣ್ಣ ಗೆದ್ದು ನನ್ನ ಕುರ್ಚಿಯಲ್ಲಿ ಕೂತರು. ರಫೀಕ ಸೋತು ಮಿರ್ಚಿ ತರಿಸಿದ. ನನಗೂ ಎರಡು ಕೊಟ್ಟರು. ತಿನ್ನುತ್ತ ತಿನ್ನುತ್ತ ಗುರುಸಿದ್ದ, “ಕಾಕಾ, ಮುಂದಿನ ವರ್ಷದಿಂದ ನೀವು ಬರೂದು ಬ್ಯಾಡ್ರಿ. ಊರವ್ರ ಒಪ್ಪೂದಿಲ್ಲ,” ಎಂದ. ಎಲ್ಲರ ಎದುರಿಗೇ ಹೇಳಿದ. ಯಾರೂ ತಿನ್ನುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ದಿನದ ಮೇಲೆ ರಫೀಕ ಒಬ್ಬನೇ ಬಂದ. ಪ್ಯಾಂಟಿನ ಸೊಂಟ ಬಿಗಿಯಾಗಿದೆ, ಬಿಡಿಸಿಕೊಡಿ ಎಂದ. ಅವನ ಸೊಂಟದ ಸುತ್ತ ಟೇಪು ಹಿಡಿದು ನಿಂತಿದ್ದಾಗ ಕೇಳಿದೆ. “ಇಲ್ಲಿ ಯಾರೂ ಇಲ್ಲ. ತಾಗಿತ್ತೇನ?”

“ಇಲ್ಲ ದುಲಾಭಾಯಿ,” ಎಂದ. ತಡವರಿಸಲಿಲ್ಲ, ಮುಖವನ್ನೂ ಬೇರೆ ಕಡೆ ತಿರುಗಿಸಲಿಲ್ಲ. “ಎಲ್ಲಿ ತಾಗತೈತಿ? ಒಂದು ಮೊಳ ಒಳಗ ಇದ್ರಿ. ಎಂಥಾ ಕ್ಯಾಚದು. ತಪ್ಪು ಮಾಡಿದೆ ನಾ. ಆ ಅಸೂಟಿ ಹುಡುಗನ್ನ ಬಿಟ್ಟು ನಿಮ್ಮನ್ನ ತಗೊಂಡಿದ್ನಿ ಅಂದ್ರ ಕ್ಯಾಚಿನ ಪಾಯಿಂಟು ನನ್ನೊಬ್ಬಂಗ ಬರತಿತ್ತು. ಆಗ ನಾ ಖರೇನ ಹೇಳತಿದ್ನಿ, ಆಣಿ ಮಾಡಿ ಹೇಳತೀನಿ. ಅರ್ಧ ಆಣಿಗೆ ಯಾರ ಕೊಡತಾರ ಅಂಥಾ ಮಾಲು?”

ಪಾಪ, ಅವನಿಗೆ ನಿಜವಾಗಿಯೂ ವ್ಯಥೆಯಾಗಿತ್ತು. ಕಣ್ಣಲ್ಲಿ ಕಾಣುತ್ತಿತ್ತು. ಟೇಪಿನೊಳಗೆ ನಿಂತುಕೊಂಡೇ ನನ್ನ ಹೆಗಲ ಮೇಲೆ ಕೈ ಇಟ್ಟು, “ಮನಸ್ಸಿಗೆ ಹಚಗೋಬ್ಯಾಡ್ರಿ. ಮುಂದಿನ ವರ್ಷ ಎಲ್ಲಾರಿಗಿಂತ ಮೊದಲ ನಿಮ್ಮನ್ನ ತಗೋತೀನಿ,” ಎಂದ.

ಮುಂದಿನ ವರ್ಷದಿಂದ ಬರಬೇಡಿ ಎಂದು ಗುರುಸಿದ್ದ ನನಗೆ ಹೇಳಿದಾಗ ರಫೀಕನೂ ಅಲ್ಲೇ ಇದ್ದ. ಮಿರ್ಚಿಯ ಕಾಗದ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದವನು ಅವನೇ.